ಹನ್ನೆರಡನೆಯ ದಿನದ ಹೆಸರು

ಜನವರಿ 18, 2007. ಎಜ್‌ಬಾಸ್ಟನ್
ಮತ್ತೆ ಉರ್ಬಿಕಾ. ರೋಮಿನ ಚಕ್ರವರ್ತಿಯೊಬ್ಬನ ಹೆಂಡತಿ, ನನ್ನ ಪಿಎಚ್‌ಡಿಯ ತಲೆನೋವು. ಹುಟ್ಟಿದ್ದು ಗೊತ್ತಿಲ್ಲ, ಸತ್ತದ್ದು ಗೊತ್ತಿಲ್ಲ. ನಾಣ್ಯದ ಮೇಲೆ ಮುಖ, ಹೆಸರು — ಹೆಚ್ಚುಕಮ್ಮಿ ಅಷ್ಟೇ. ಗೈಡ್‌ಗೆ ಮಾತ್ರ 'ಜೀವನ' ಅಂತ ಒಂದು ಚಾಪ್ಟರ್ ಬೇಕಂತೆ! ತೀರಿಕೊಂಡ ಮಗುವೊಂದರ ನಾಣ್ಯವೂ ಇದೆ. ನಿಗ್ರಿನಿಯಾನಸ್. ಇವಳದೇ ಮಗು ಇರಬಹುದು ಎನ್ನುತ್ತಾರೆ. ತಾಯಿ ಯಾರೆಂದು ಎಲ್ಲೂ ಬರೆದಿಲ್ಲ.
ಹೊಟ್ಟೆ ಮೇಜಿಗೆ ತಾಗುತ್ತಿದೆ. ಇನ್ನು ಎರಡು ವಾರ.

ಜ. 24
ಹೆಣ್ಣಾದರೆ ಏನು ಹೆಸರು ಅಂತ ನಾನು, ಮಿಥುನ್ ನಿಶ್ಚಯಿಸಿ ಆಯಿತು. ಅವನ ಅಕ್ಕ ವೇದಾಗೆ ಮಾತ್ರ ಗೊತ್ತು. ಬಾಯಿ ಬಿಡುವಂತಿಲ್ಲ, ಇಲ್ಲೂ ಬರೆಯುವಂತಿಲ್ಲ. ಹನ್ನೆರಡನೆಯ ದಿನ ಟಿವಿಡೇಲ್ ಬಾಲಾಜಿ ಗುಡಿಯಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಬೇಕು. ಆಮೇಲೆಯೇ ಉಳಿದವರಿಗೆ. ವೇದಕ್ಕ ಲೀಡ್ಸ್‌ನಿಂದ ಬರುತ್ತಾರೆ.
ರೋಮಿನಲ್ಲೂ ಹೆಣ್ಣುಮಗುವಿಗೆ ಎಂಟನೆಯ ದಿನ ಹೆಸರು. ಒಂದು ಫುಟ್‌ನೋಟ್ ಸಿಕ್ಕಿತು.

ಫೆ. 4
ಹೆಣ್ಣು. ಒಂದನೇ ತಾರೀಖು ಹುಟ್ಟಿದಳು. ಹೃದಯ ಸರಿಯಿಲ್ಲ...
ಇನ್‌ಕ್ಯುಬೇಟರ್ ಮೇಲೆ ಚೀಟಿ: 'ಬೇಬಿ ಆಫ್ ಹರ್ಷಿತಾ'. ನರ್ಸ್ ಹೆಸರು ಕೇಳಿದಳು. ಇನ್ನೂ ಇಟ್ಟಿಲ್ಲ ಎಂದೆ. ಕಿಂಡಿಯೊಳಗೆ ಬೆರಳು ಕೊಟ್ಟು "ಪುಟ್ಟೀ" ಎಂದೆ. ಹಿಡಿದುಕೊಂಡಳು. ಹೆಸರು ನಾಲಗೆ ತುದಿಗೆ ಬಂತು. ನುಂಗಿಕೊಂಡೆ. ಇನ್ನು ಎಂಟೇ ದಿನ ತಾನೆ.

ಫೆ. 12
ಇವತ್ತು ಹನ್ನೆರಡನೆಯ ದಿನ.
ಒಂಬತ್ತನೆಯ ದಿನ ಹೋದಳು. ಅಷ್ಟೂ ದಿನ ಪಕ್ಕದಲ್ಲೇ ಕೂತಿದ್ದೆ. ಒಂದೇ ಒಂದು ಸಲ ಹೆಸರು ಹಿಡಿದು ಕರೆಯಲಿಲ್ಲ. ಶಾಸ್ತ್ರಕ್ಕೆ ಕಾದೆ. ಎಂಥ ಪೆದ್ದಿ ನಾನು.
ನಾಳೆ ರಿಜಿಸ್ಟರ್ ಆಫೀಸ್. ಜನನ, ಮರಣ ಎರಡೂ ಒಟ್ಟಿಗೆ. ಮೈಸೂರಿನಿಂದ ಅತ್ತೆಯ ಫೋನ್: "ಶಾಸ್ತ್ರ ಆಗದ ಕೂಸಿಗೆ ಹೆಸರು ಯಾಕಮ್ಮಾ? ಋಣ ಇದ್ದದ್ದೇ ಅಷ್ಟು." ಮಿಥುನ್‌ನದೂ ಅದೇ ರಾಗ. "ಬ್ಲಾಂಕ್ ಬಿಡಬಹುದಂತೆ, ಹರ್ಷಿ. ಬಿಟ್ಬಿಡೋಣ."
ಬೇಡ. ಎಲ್ಲೂ ಬರೆಯದಿದ್ದರೆ ನಾಳೆ ಅವಳು ನನ್ನ ಮಗಳೆಂದು ಯಾರಿಗೆ ಗೊತ್ತು? ಇದ್ದಳು ಎಂದಾದರೂ ಯಾರಿಗೆ?

ಫೆ. 13
ರಿಜಿಸ್ಟ್ರಾರ್ ಮೆಲ್ಲನೆ ಕೇಳಿದಳು, ಮಗುವಿನ ಹೆಸರು? ಮಿಥುನ್ ತಲೆ ತಗ್ಗಿಸಿದ. ಹೇಳಬೇಕೆಂದೇ ಬಂದಿದ್ದೆ, ನನಗೆ ದನಿಯೇ ಹೊರಡಲಿಲ್ಲ.
ನಮ್ಮ ಜೊತೆ ಬಂದಿದ್ದ ವೇದಕ್ಕ ಎದ್ದು ಬಂದು ಪಕ್ಕದಲ್ಲಿ ಬಗ್ಗಿದರು. "ಮಗು ಕಿವಿ ಇಲ್ದಿದ್ರೇನು, ಹೆತ್ತೋಳ ಕಿವಿ ಇದೆಯಲ್ಲಾ." ನನ್ನ ಕಿವಿಯಲ್ಲಿ ಮೂರು ಸಲ ಹೇಳಿದರು.
ಸ್ಪೆಲ್ಲಿಂಗ್ ಹೇಳಿದ್ದು ಮಿಥುನ್. ಒಂದೊಂದೇ ಅಕ್ಷರ, ಅಳುತ್ತಾ.
ಇನ್ನು ಇಲ್ಲೂ ಬರೆಯಬಹುದು.
ಶರ್ವಾಣಿ.
ಶರ್ವಾಣಿ.
ಶರ್