ಖಾಲಿಯೂ ಸೊನ್ನೆಯೂ

ಮಾರ್ಚ್ ೧೧, ಮಂಗಳವಾರ

ಆಸ್ಪತ್ರೆಯ ಆ ನರ್ಸಮ್ಮ ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ನಾನು ಬರ್ದಿಲ್ಲ ಅಂದ್ರೆ ಅವ್ರು ಕುಡಿದಿಲ್ಲ ಅಂತಾನಾ ಸರ್?"

ರೋಗಿ ಎಷ್ಟು ನೀರು ಕುಡಿದ ಎಂದು ಕಂಪ್ಯೂಟರ್ ಪರದೆಯಲ್ಲಿ ತುಂಬುವ ಜಾಗವನ್ನು ಆಕೆ ಗಡಿಬಿಡಿಯಲ್ಲಿ ಖಾಲಿ ಬಿಟ್ಟಿದ್ದಳು. ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಂ ಆ ಖಾಲಿಯನ್ನು ಸೊನ್ನೆ ಎಂದುಕೊಂಡು, ರೋಗಿ ಏನೂ ಕುಡಿದಿಲ್ಲವೆಂದು ಗಂಟೆ ಬಾರಿಸಿತು. ಮುಂದಿನ ಪಾಳಿಯವಳು ಓಡಿಬಂದು, ಆಗಲೇ ಕುಡಿದಿದ್ದವನಿಗೆ ಮತ್ತೆ ಕುಡಿಸಿದಳು. ಕಿಡ್ನಿ ಸೋತ ಮುದುಕ, ನೀರು ಅಳೆದೇ ಕೊಡಬೇಕು. ಉಸಿರಿಗೆ ಒದ್ದಾಡಿ ಈಗ ಸುಧಾರಿಸಿಕೊಂಡಿದ್ದಾನಂತೆ.

ಎರಡು ಸಮಚಿಹ್ನೆ ಹಾಕಿ ಹೋಲಿಸಿದರೆ ಈ ಭಾಷೆ ಖಾಲಿಯನ್ನೂ ಸೊನ್ನೆಯನ್ನೂ ರಾಜಿ ಮಾಡಿಸಿಬಿಡುತ್ತದೆ. ಮೂರು ಹಾಕಿದರೆ ಎರಡರ ಬಗೆಯೂ, ಅಂದರೆ ಅಕ್ಷರವೋ ಅಂಕಿಯೋ ಎಂಬುದೂ, ಒಂದೇ ಆಗಿರಬೇಕೆನ್ನುತ್ತದೆ.

"ಇನ್ನೊಂದು ಚಿಹ್ನೆ ಜಡಿದು ಕೈ ತೊಳ್ಕೊಳ್ಳಿ ಗುರುಗಳೇ" ಎಂದ ಮ್ಯಾನೇಜರ್.

ಜಡಿದೆ. ಖಾಲಿಗೆ ಯಂತ್ರ ಗಂಟೆ ಬಾರಿಸಲಿಲ್ಲ. ಸೊನ್ನೆ ಒತ್ತಿ ನೋಡಿದೆ, ಅದಕ್ಕೂ ಬಾರಿಸಲಿಲ್ಲ. ಅಲ್ಲಿ ಟೈಪ್ ಮಾಡಿದ ಸೊನ್ನೆ ಬರೀ ಅಕ್ಷರ, ಅಂಕಿಯಲ್ಲ. ಹೀಗೇ ಕಳಿಸಿದ್ದರೆ ನಿಜವಾಗಿ ಬಾಯಾರಿದವನ ಪಾಲಿಗೆ ಯಂತ್ರ ಮೂಕವಾಗುತ್ತಿತ್ತು.

ಮೊದಲು ಖಾಲಿಯೇ ಎಂದು ಕೇಳಬೇಕು. ಅಲ್ಲವಾದರೆ ಅಂಕಿಯಾಗಿಸಬೇಕು. ಆಮೇಲೆ ಮೂರು ಚಿಹ್ನೆಯ ಹೋಲಿಕೆ. ವಾರ್ಡಿನ ಪ್ರತಿ ಪರದೆಯಲ್ಲೂ ಹೀಗೇ ಆಗಬೇಕು. ಅದು ಮುಗಿಯದೆ ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ. ಮ್ಯಾನೇಜರ್ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

"ರೀ, ನೀರು ಬೇಕಾ?" ಒಳಗಿನಿಂದ ಹೆಂಡತಿ ಕೇಳಿದಳು. ಬರೆಯುವ ಭರದಲ್ಲಿ ನಾನು ಮಾತಾಡಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಬಾಗಿಲಿಗೇ ಬಂದಳು. "ಬೇಕೋ ಬೇಡ್ವೋ, ಬಾಯಿಬಿಟ್ಟು ಹೇಳಿ."

ಅವಳು ಮೂರು ಚಿಹ್ನೆಯವಳು. ಬೇಕು ಎಂದೆ.