ಅಂಗಾತ ಹಿಡಿದ ಕನ್ನಡಿ

ಮಾರ್ಚ್ ೪, ಬೆಳಿಗ್ಗೆ

ಅಂಗಡಿ ತೆರೆಯುವ ಮುಂಚೆ ಪಕ್ಷಿಧಾಮದಲ್ಲಿ ಒಂದು ಸುತ್ತು. ಕೊಳದ ಬಳಿ ನಿಂಬೆ ಬಣ್ಣದ ಚಿಟ್ಟೆ, ಅಂಚಿಗೆ ಕಪ್ಪು ಪೈಪಿಂಗ್ ಕೊಟ್ಟ ಹಾಗೆ. ಹಕ್ಕಿ ಒಂದೂ ಇಲ್ಲ. ಇರಲಿಲ್ಲ ಎಂದಲ್ಲ, ನನಗೆ ಕಾಣಲಿಲ್ಲ. ಹೊಲಿಗೆ ಮಿಷನ್ ಮೇಲೆ ಬಗ್ಗಿ ಬಗ್ಗಿ ಕತ್ತು ಮೇಲಕ್ಕೆ ಏಳುವುದನ್ನೇ ಮರೆತಿದೆ. ಮೇಲಿನದೆಲ್ಲ ಅವಳ ಪಾಲು, ನೆಲದ್ದು ನನ್ನದು — ಮದುವೆಯಾದಾಗಿನಿಂದ ಹಾಗೇ ನಡೆದಿತ್ತು. ಈ ಚಳಿಗಾಲದಲ್ಲಿ ತೀರಿಹೋದಳು.

ಕಂಡದ್ದನ್ನೆಲ್ಲ ಬರೆದಿಡುವ ಗೇಟಿನ ಬೋರ್ಡಿನಲ್ಲಿ ಚಿಟ್ಟೆ ಬರೆಯೋಣವೆಂದು ಹೋದೆ. ಗೇಟಿನವನು ಸೀಮೆಸುಣ್ಣ ಕೊಡಲಿಲ್ಲ.

"ಟೈಲರಣ್ಣ, ಇಬ್ಬರು ನೋಡಿದ್ರೆ ಮಾತ್ರ ಬೋರ್ಡಿಗೆ. ಅಕ್ಕನೇ ಮಾಡಿದ ರೂಲು ಅಲ್ವಾ?"

ಅಂದವನು ನಾಲಿಗೆ ಕಚ್ಚಿಕೊಂಡ.

ಮಾರ್ಚ್ ೧೧

ಸುಸ್ತು. ಹೋಗಲಿಲ್ಲ. ಒಂದೇ ಕಾಲರ್ ಮತ್ತೆ ಮತ್ತೆ ಬಿಚ್ಚಿ ಹೊಲಿದೆ.

ಪ್ರತಿ ವರ್ಷ ಈ ಹೊತ್ತಿಗೆ ಹೊನ್ನಕ್ಕಿ ಬಂದಿರುತ್ತಿತ್ತು. ಬೋರ್ಡಿನ ಮೊದಲ ಹೊನ್ನಕ್ಕಿ ಯಾವಾಗಲೂ ಅವಳದೇ. ಈ ವರ್ಷ ಬೇರೆ ಯಾರೋ ಬರೆಯುತ್ತಾರೆ. ಬರೆಯಲಿ... ಬೇಡ.

ಮಾರ್ಚ್ ೧೯

ನಾದಿನಿ ಬಂದು ತನ್ನ ಅಕ್ಕನ ಕೈಚೀಲ ಖಾಲಿ ಮಾಡಿದಳು. ತಳದಲ್ಲಿ ಕನ್ನಡಿ.

"ಭಾವ, ಮೂಲೆ ಒಡೆದಿದೆ. ಎಸೀಲಾ?"

ಕಿತ್ತುಕೊಂಡೆ. ಪಾಪ, ಹೆದರಿದಳು.

ಹಕ್ಕಿ ಕಂಡರೆ ಅವಳು ಇದನ್ನು ನನ್ನ ಎದೆಯ ಮುಂದೆ ಅಂಗಾತ ಹಿಡಿಯುತ್ತಿದ್ದಳು. ಮರದ ತುದಿ ನನ್ನ ಕಣ್ಣ ಕೆಳಗೇ ಇಳಿಯುತ್ತಿತ್ತು. ಕಂಡಿತು, ಸಾಕು ಎಂದರೂ ಬಿಡುತ್ತಿರಲಿಲ್ಲ. "ನಿಧಾನಕ್ಕೆ ನೋಡಿ. ನನ್ನ ಕೈ ಎಲ್ಲಿಗೂ ಓಡಿಹೋಗಲ್ಲ."

ಮಾರ್ಚ್ ೨೭, ಬೆಳಿಗ್ಗೆ

ಕನ್ನಡಿ ಜೇಬಿನಲ್ಲಿಟ್ಟು ಹೋದೆ. ಬೋರ್ಡಿನಲ್ಲಿ ಹೊನ್ನಕ್ಕಿ ಇನ್ನೂ ಇಲ್ಲ. ಗೇಟಿನ ಪಕ್ಕದ ದೊಡ್ಡ ಮರದಲ್ಲೇ ಕೊಳಲಿನಂಥ ಕೂಗು. ಕನ್ನಡಿ ಹಿಡಿದೆ. ಎಲೆ. ಆಕಾಶ. ನನ್ನದೇ ಗಲ್ಲ. ಆಮೇಲೆ... ಹಳದಿ.

ಕೈ ಅಲುಗಿದರೆ ಹೋಯಿತು. ನಿಂತಲ್ಲಿಂದಲೇ ಕೂಗಿದೆ. ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿದವನಲ್ಲ. ಗೇಟಿನವನು ನೋವಿನ ಕಾಲು ಎಳೆದುಕೊಂಡು ಬಂದ.

"ಏನಾಯ್ತಣ್ಣ? ಹಾವಾ?"

"ಹೊನ್ನಕ್ಕಿ. ಇದರಲ್ಲಿ ನೋಡು."

ಬಗ್ಗಿದ. "ನನ್ನ ಮೀಸೆ ಕಾಣ್ತಿದೆ."

"ಈ ಕಡೆ ಬಾರೋ. ನಿಧಾನಕ್ಕೆ ನೋಡು."

ಅವನು ಸುಮ್ಮನೆ ಕತ್ತೆತ್ತಿದ್ದರೆ ಸಾಕಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ಅವನು ಬಗ್ಗಿ, ಓರೆಯಾಗಿ, ಒಂದು ಕಣ್ಣು ಮುಚ್ಚಿ ಹುಡುಕಿದ. ನಾನು ಉಸಿರು ಬಿಗಿಹಿಡಿದು ಕನ್ನಡಿ ಹಿಡಿದೇ ಇದ್ದೆ.

"ಅಬ್ಬಾ!" ಎಂದ ಕೊನೆಗೆ. "ಅಕ್ಕಂದು ಬಂತು."

ಸೀಮೆಸುಣ್ಣ ಅವನೇ ತಂದುಕೊಟ್ಟ.

ಸಂಜೆ

ಕತ್ತರಿ ಹಿಡಿಯಲು ಆಗುತ್ತಿಲ್ಲ. ಭುಜದಿಂದ ಬೆರಳ ತುದಿಯವರೆಗೆ ಸೆಳೆತ. ಒಂದೇ ಒಂದು ಹಕ್ಕಿಗೆ ಇಷ್ಟು. ಅವಳು ಪ್ರತಿ ವಸಂತದಲ್ಲೂ, ಪ್ರತಿ ಹಕ್ಕಿಗೂ, ನಾನು ಸಾಕು ಅನ್ನುವವರೆಗೆ, ಸಾಕು ಅಂದಮೇಲೂ —