ಬೂದ ಕಾಲೆತ್ತಿದ

೧೨ ನವೆಂಬರ್ ೧೯೭೯, ಸೋಮವಾರ. ಸೊಕ್ಕೆ.

ಬರೆಯುತ್ತಿದ್ದರೂ ಕಿವಿ ಹೊರಗೇ ಇದೆ. ಕಟ್ಟೆಯ ಮೇಲೆ ನಮ್ಮ ನಾಯಿ ಬೂದ ಮಲಗಿದ್ದಾನೆ. ಹೌದು, ಮಲಗಿದ್ದಾನೆ. ನಿನ್ನೆಯಿಂದ ಮುಂಗಾಲು ಅಗಲಿಸಿಕೊಂಡು ಕೂತೇ ಇದ್ದ; ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

ಮೊನ್ನೆಯವರೆಗೂ ಬಂಡಿಯ ಹಿಂದೆ ಓಡುತ್ತಿದ್ದವನು. ಕೆಮ್ಮು ಬಂದಾಗ ಅತ್ತೆ ಕಫವೆಂದು ತಿಳಿದು, ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ಮೆಣಸಿನ ಕಷಾಯ ಹುಯ್ದರು. ಅದು ನೆತ್ತಿಗೆ ಹತ್ತಿ ಅವನ ನಾಲಿಗೆ ನೀಲಿಯಾಯಿತು.

ಇವತ್ತು ಬೆಳಿಗ್ಗೆ ನಮ್ಮ ಯಜಮಾನರು ಜಗಳೂರಿಗೆ ಓಡಿ ದನದ ಡಾಕ್ಟರನ್ನು ಕರೆತಂದರು. ಅವರು ಎದೆ ಪರೀಕ್ಷಿಸಿ, "ವಯಸ್ಸಾಗೈತೆ, ಹಾರ್ಟ್ ಸೋತು ಶ್ವಾಸಕೋಶದಾಗೆ ನೀರು ತುಂಬೈತೆ. ಅದರ ಮೇಲೆ ಗೊಟ್ಟ ಬೇರೆ ಹಾಕೀರಲ್ರೀ!" ಎಂದು ಬೈಯುತ್ತಲೇ ಇಂಜೆಕ್ಷನ್ ಕೊಟ್ಟರು. "ಆ ನೀರು ಇಳಿದು ಉಚ್ಚೆ ಹುಯ್ದರೆ ಬದುಕ್ತಾನೆ. ಕಾಯ್ರಿ."

ಕಾದೆವು. ಅತ್ತೆ ಉಣ್ಣಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು. ಆ ಮುಖ ನೋಡಿ ಅದೂ ಇಳಿಯಿತು.

ಹೊತ್ತು ಮುಳುಗುವಾಗ ಬೂದ ಎದ್ದ. ತಡವರಿಸುತ್ತಾ ನೇರ ಬಾಗಿಲಿಗೇ ಬಂದು, ಸೋಮವಾರವೆಂದು ಅತ್ತೆ ತೊಳೆದು ವಿಭೂತಿ ಹಚ್ಚಿದ್ದ ಹೊಸ್ತಿಲ ಮೇಲೆ ಕಾಲೆತ್ತಿದ. ಬೇರೆ ದಿನವಾಗಿದ್ದರೆ ಪೊರಕೆ ಹಾರುತ್ತಿತ್ತು. ನಾನು ಅವನನ್ನು ಅತ್ತ ಎಳೆಯಲು ಹೋದೆ. ಅತ್ತೆ ನನ್ನ ರಟ್ಟೆ ಹಿಡಿದರು.

"ಸುಮ್ಕಿರು ರುದ್ರಾಣಿ," ಎಂದರು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಹುಯ್ಯಲಿ. ಇನ್ನೂ ಹುಯ್ಯಲಿ."

ನಿದ್ದೆ ಎಳೆಯುತ್ತಿದೆ. ಹೊಸ್ತಿಲನ್ನು ಇನ್ನೂ ಯಾರೂ ತೊಳೆದಿಲ್ಲ.